ಹ್ಯೂಸ್ಟನ್: ಬ್ರೇಸ್ ಬೇಯೂ ದಡದಲ್ಲಿ ಬೂಷ್ಟಿನ ಜಾಡು

ಹ್ಯೂಸ್ಟನ್ ಪೇಟೆಯಿಂದ ದಕ್ಷಿಣಕ್ಕೆ ಹೊರಡುವ ಮೆಟ್ರೋರೈಲಿನ ಕೆಂಪು ಮಾರ್ಗ ಟೆಕ್ಸಸ್ ಮೆಡಿಕಲ್ ಸೆಂಟರ್‌ನ ನಡುವೆಯೇ ಹಾದುಹೋಗುತ್ತದೆ. ಡ್ರೈಡನ್ ನಿಲ್ದಾಣದಲ್ಲಿ ಇಳಿದರೆ ಎತ್ತ ನೋಡಿದರೂ ಆಸ್ಪತ್ರೆಗಳೇ. 2001ರ ಜೂನ್‌ನಲ್ಲಿ ಅಲಿಸನ್ ಎಂಬ ಬಿರುಗಾಳಿಯ ಮಳೆಗೆ ಇಲ್ಲಿನ ನೆಲಮಾಳಿಗೆಗಳು ತುಂಬಿ, ಕರೆಂಟು ಹೋಗಿ, ರೋಗಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಆಮೇಲೆ ಕೂರಿಸಿದ ಭಾರಿ ಉಕ್ಕಿನ ಬಾಗಿಲುಗಳು 2017ರ ಹಾರ್ವೆ ಚಂಡಮಾರುತದ ನೀರನ್ನು ಬಹುಮಟ್ಟಿಗೆ ಹೊರಗೇ ನಿಲ್ಲಿಸಿದವು. ಆಸ್ಪತ್ರೆ ಒಣಗಿಯೇ ಇತ್ತು. ಒದ್ದೆಯಾದದ್ದು ರೋಗಿಗಳ ಮನೆ.

ಹಾಗಾಗಿ ಒದ್ದೆ ಗೋಡೆಯಲ್ಲಿ ಬೆಳೆಯುವ ಬೂಷ್ಟಿನಿಂದ ಬರುವ ಸೋಂಕಿನ ಜಾಡು ಹಿಡಿಯುವವರು ವಾರ್ಡು ಬಿಟ್ಟು ಹೊರಗೆ ಬರಬೇಕು. ಆಸ್ಪತ್ರೆಗಳ ಪಕ್ಕದಲ್ಲೇ ಬ್ರೇಸ್ ಬೇಯೂ ಹರಿಯುತ್ತದೆ: ಕಾಂಕ್ರೀಟು ಬಳಿದ, ಮಳೆಯಿಲ್ಲದಾಗ ಮೊಣಕಾಲುದ್ದವೂ ನೀರಿಲ್ಲದಂತೆ ಕಾಣುವ ಹಳ್ಳ. ದಡದ ಹಾದಿಯಲ್ಲಿ ನೀರಿಗೆ ಎದುರಾಗಿ ನೈಋತ್ಯಕ್ಕೆ ಸಾಗಿದರೆ ಮೇಯರ್‌ಲ್ಯಾಂಡ್ ಬಡಾವಣೆ. ಗಾಳಿ ಜೂನ್ ತಿಂಗಳ ಮಂಗಳೂರಿನಂತೆ ಮೈಗೆ ಅಂಟುತ್ತದೆ.

ಮೇಯರ್‌ಲ್ಯಾಂಡ್ 2015, 2016, 2017, ಮೂರು ವರ್ಷ ಸಾಲಾಗಿ ಮುಳುಗಿತು. ಈಗ ಒಂದೇ ಬೀದಿಯಲ್ಲಿ ನೆಲಕ್ಕೆ ಅಂಟಿದ ಹಳೆಯ ಇಟ್ಟಿಗೆ ಮನೆ, ಪಕ್ಕದಲ್ಲಿ ಹತ್ತು ಮೆಟ್ಟಿಲು ಹತ್ತಿ ಹೋಗಬೇಕಾದ ಹೊಸ ಮನೆ, ಅದರಾಚೆ ಹುಲ್ಲು ಬೆಳೆದ ಖಾಲಿ ಸೈಟು.

ಇಟ್ಟಿಗೆ ಇರುವುದು ಹೊರಮೈಗೆ ಮಾತ್ರ. ಒಳಗೋಡೆ ಎಂದರೆ ಮರದ ಚೌಕಟ್ಟು, ಅದರ ಮೇಲೆ ಕಾಗದ ಅಂಟಿಸಿದ ಜಿಪ್ಸಮ್ ಹಲಗೆ, ಹೊರಗೋಡೆಗಾದರೆ ನಡುವೆ ಗಾಜಿನ ನಾರಿನ ಹತ್ತಿ. ಆ ಕಾಗದವೇ ಬೂಷ್ಟಿನ ಊಟ. ಮನೆಯೊಳಗೆ ಒಂದಡಿ ನೀರು ನಿಂತರೆ ಹಲಗೆ ಅದನ್ನು ಇನ್ನೂ ಮೇಲಕ್ಕೆ ಹೀರುತ್ತದೆ. 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯಿತೆಂದೇ ಲೆಕ್ಕ. ಹಲಗೆಯ ಅಗಲ ನಾಲ್ಕಡಿ ಇರುವುದರಿಂದ ಕೆಲಸಗಾರರು ಸಾಮಾನ್ಯವಾಗಿ ನಾಲ್ಕಡಿ ಎತ್ತರಕ್ಕೆ ಕತ್ತರಿಸಿ ಕಿತ್ತು, ಒಳಗಿನ ಹತ್ತಿ ಎಸೆದು, ಮರದ ತೇವ ಶೇ 15ಕ್ಕಿಂತ ಕೆಳಗಿಳಿಯುವ ತನಕ ಕಾಯುತ್ತಾರೆ. ಅವಸರಪಟ್ಟು ಮುಚ್ಚಿ ಬಣ್ಣ ಬಳಿದ ಗೋಡೆ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ತೊಂದರೆಯೇ ಅದು. 2005ರ ಕತ್ರಿನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್ ಸುತ್ತ ಪರೀಕ್ಷಿಸಿದ 112 ಮನೆಗಳಲ್ಲಿ ಶೇ 46ರಲ್ಲಿ ಬೂಷ್ಟು ಕಣ್ಣಿಗೇ ಕಾಣುತ್ತಿತ್ತು.

ಹಲಗೆ ಕೀಳುವಾಗ ಏಳುವ ದೂಳಿನಲ್ಲಿರುವ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಕಣ ಎರಡು ಮೂರು ಮೈಕ್ರಾನ್ ಗಾತ್ರದ್ದು, ಶ್ವಾಸಕೋಶದ ತಳಕ್ಕೇ ಇಳಿಯುತ್ತದೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ ಕೆಮ್ಮು, ಅಲರ್ಜಿ ಅಷ್ಟೇ. ಅಂಗ ಕಸಿ ಮಾಡಿಸಿಕೊಂಡವರು, ರಕ್ತ ಕ್ಯಾನ್ಸರ್ ರೋಗಿಗಳು, ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ತೆಗೆದುಕೊಳ್ಳುವವರ ಕಥೆ ಬೇರೆ: ರೋಗನಿರೋಧಕ ಶಕ್ತಿ ಕುಗ್ಗಿದ ಇವರಲ್ಲಿ ಅದು ಸೋಂಕಾಗಿ ಬೆಳೆಯಬಹುದು. ಹಾರ್ವೆ ನಂತರ ಇಂಥ 103 ಜನರನ್ನು ಮಾತಾಡಿಸಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2019ರಲ್ಲಿ ವರದಿ ಕೊಟ್ಟಿತು: ಹತ್ತಿರಹತ್ತಿರ ಅರ್ಧದಷ್ಟು ಜನ ತಾವೇ ಮನೆ ಸ್ವಚ್ಛತೆಗೆ ಇಳಿದಿದ್ದರು. ಹಲಗೆ ಕೀಳುವಂಥ ಭಾರದ ಕೆಲಸ ಮಾಡಿದವರಲ್ಲೂ ರೆಸ್ಪಿರೇಟರ್ (ಎನ್-95ನಂಥ, ಕಣ ಸೋಸುವ ಮುಖಗವಸು) ಹಾಕಿದವರು ಅರ್ಧಕ್ಕಿಂತ ಕಡಿಮೆ. ಇವರಿಗೆ ವೈದ್ಯರ ಸಲಹೆ ಎನ್-95 ಹಾಕಿಕೊಂಡು ಹೋಗಿ ಎಂಬುದಲ್ಲ, ಆ ಕೆಲಸಕ್ಕೆ ಕೈಹಾಕಲೇಬೇಡಿ ಎಂಬುದು. ವಿಮೆ ಹಣ ಬರುವ ತನಕ ಕೂಲಿ ಕೊಡಲಾಗದವರು ಆ ಸಲಹೆಯನ್ನು ಹೇಗೆ ಪಾಲಿಸಬೇಕೋ!

ಮುಂದಿನ ದಾರಿಗೆ ಕಾರು ಬೇಕು. ಪಶ್ಚಿಮದ ಬಾರ್ಕರ್ ಜಲಾಶಯದಲ್ಲಿ ಸಾಮಾನ್ಯ ದಿನಗಳಲ್ಲಿ ನೀರೇ ಇರುವುದಿಲ್ಲ. ಮಣ್ಣಿನ ಒಡ್ಡು, ಒಳಗೆ ಪಾರ್ಕು, ಆಟದ ಮೈದಾನ. 2017ರ ಆಗಸ್ಟ್ 28ರಿಂದ ಇಲ್ಲಿಂದಲೂ ಪಕ್ಕದ ಆಡಿಕ್ಸ್ ಜಲಾಶಯದಿಂದಲೂ ನೀರು ಬಿಟ್ಟಾಗ ಬಫಲೋ ಬೇಯೂ ದಡದ ಎಷ್ಟೋ ಮನೆಗಳಲ್ಲಿ ನೀರು ದಿನಗಟ್ಟಲೆ ನಿಂತಿತು. ಸೋಂಕಿನ ಜಾಡು ಹಿಡಿಯುವ ಅಧ್ಯಯನಕ್ಕೆ ಮುಖ್ಯವಾದದ್ದು ನೀರು ಎಷ್ಟು ಎತ್ತರ ಬಂತು ಎನ್ನುವುದೊಂದೇ ಅಲ್ಲ. ಎಷ್ಟು ದಿನ ನಿಂತಿತು, ರೋಗಿ ಯಾವತ್ತು ಒಳಗೆ ಕಾಲಿಟ್ಟರು, ಒದ್ದೆ ಮನೆಯಲ್ಲಿ ಎಷ್ಟು ರಾತ್ರಿ ಮಲಗಿದರು ಎಂದೂ ಕೇಳಬೇಕು, ಅದೂ ನೆನಪು ಮಾಸುವ ಮೊದಲೇ.

ಇಷ್ಟೆಲ್ಲ ಕೇಳಿದರೂ ಗೋಡೆಗೂ ರೋಗಕ್ಕೂ ಗಂಟು ಹಾಕುವುದು ಸುಲಭವಲ್ಲ. ಬೀಜಕಣ ಒಳಹೊಕ್ಕ ಎಷ್ಟು ದಿನಕ್ಕೆ ಕಾಯಿಲೆ ಏಳುತ್ತದೆ ಎಂಬುದಕ್ಕೆ ಖಚಿತ ಲೆಕ್ಕವಿಲ್ಲ; ಗಾಳಿಯಲ್ಲಿ ಇಂತಿಷ್ಟು ಕಣ ಇದ್ದರೆ ಅಪಾಯವಿಲ್ಲ ಎಂಬ ಮಟ್ಟವೂ ಇಲ್ಲ. ಆಸ್ಪತ್ರೆಯಲ್ಲೇ ಕಟ್ಟಡ ಕೆಲಸ ನಡೆಯುತ್ತಿದ್ದರೆ ಅಲ್ಲಿನ ದೂಳೂ ಕಾರಣವಾಗಬಹುದು. ಚಂಡಮಾರುತದ ಬಳಿಕ ವೈದ್ಯರು ಹೆಚ್ಚು ಪರೀಕ್ಷೆ ಬರೆದರೆ ಪ್ರಕರಣಗಳ ಸಂಖ್ಯೆಯೂ ಏರುತ್ತದೆ. ಅದಕ್ಕೇ ಹಿಂದಿನ ವರ್ಷದ ಅದೇ ತಿಂಗಳುಗಳ ಜತೆ ಹೋಲಿಸುವಾಗ ಎಷ್ಟು ಪರೀಕ್ಷೆ ನಡೆದವು ಎಂಬುದನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ಪರೀಕ್ಷೆಯೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಗ್ಯಾಲಕ್ಟೊಮನ್ನಾನ್ ಎಂಬ ಪರೀಕ್ಷೆ ಆಸ್ಪರ್ಜಿಲಸ್ಸನ್ನು ಹಿಡಿಯುತ್ತದೆ. 2021ರಲ್ಲಿ ಕರ್ನಾಟಕದಲ್ಲೂ ಕಾಡಿದ 'ಬ್ಲ್ಯಾಕ್ ಫಂಗಸ್' ಗುಂಪಿನ ಮ್ಯೂಕರ್ ಶಿಲೀಂಧ್ರವನ್ನು ಹಿಡಿಯುವುದಿಲ್ಲ. ಗೋಡೆಯ ಕಪ್ಪು ಬೂಷ್ಟಿಗೂ ಅದಕ್ಕೂ ಹೆಸರಿನ ಹೋಲಿಕೆ ಬಿಟ್ಟರೆ ನಂಟಿಲ್ಲ. ಫಲಿತಾಂಶ ನೆಗೆಟಿವ್ ಬಂದರೂ ಸಿಟಿ ಸ್ಕ್ಯಾನಿನಲ್ಲಿ ಗಂಟು ಕಂಡರೆ ಅಂಗಾಂಶದ ಚೂರು ತೆಗೆದು ಸೂಕ್ಷ್ಮದರ್ಶಕದಡಿ ನೋಡಬೇಕು. ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್ ಔಷಧ ಮ್ಯೂಕರ್ ಮೇಲೆ ಕೆಲಸ ಮಾಡುವುದಿಲ್ಲ, ಅದಕ್ಕೆ ಆಂಫೊಟೆರಿಸಿನ್-ಬಿ ಬೇಕು.