ಪುಡಿ ಕೊಟ್ಟೆವು, ಕೇಳುವುದನ್ನೇ ಮರೆತೆವು

ತಂಗಿಯ ಮಗ ಬಳ್ಳಾರಿಯಲ್ಲಿ ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದಾನೆ. ಸೆಕೆಂಡ್ ಪಿಯು ಸೈನ್ಸ್, ಜೊತೆಗೆ ನೀಟ್ ಕೋಚಿಂಗ್. ಹೋದ ಡಿಸೆಂಬರ್‌ನಲ್ಲಿ ರಾತ್ರಿ ನಿದ್ದೆ ಬರುತ್ತಿಲ್ಲ ಅಂದ. ತಂಗಿ ಊರಿಂದ ಫೋನ್ ಮಾಡಿ "ಅಣ್ಣಾ, ಬ್ರಾಹ್ಮಿ ಪುಡಿ ತಂದುಕೊಡು, ತಲೆ ತಂಪಾಗ್ತದೆ" ಅಂದಳು. ತಂದುಕೊಟ್ಟೆ. ಅಂಗಡಿಯವರು ಜೊತೆಗೆ ಅಶ್ವಗಂಧದ ಮಾತ್ರೆ ಡಬ್ಬಿಯನ್ನೂ ಕೊಟ್ಟರು. ಹುಡುಗ ಬೇರೆ ಏನಾದರೂ ಮಾತ್ರೆ ನುಂಗುತ್ತಾನಾ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವನಿಗೆ ಥೈರಾಯ್ಡ್ ಮಾತ್ರೆ ನಡೆಯುತ್ತಿತ್ತು!

ಮೂರು ವಾರಕ್ಕೆ ಎದೆ ಡವಡವ ಅನ್ನತೊಡಗಿತು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು, ಅಪರೂಪಕ್ಕೆ ಕೆಲವರ ಲಿವರ್‌ಗೂ ಪೆಟ್ಟು ಕೊಟ್ಟಿದೆ, ಇದು ಅದರಿಂದಲೋ ಭಯದಿಂದಲೋ ಈಗಲೇ ಹೇಳಲಾಗದು, ಮೊದಲು ನಿಲ್ಲಿಸಿ ಅಂದರು ಡಾಕ್ಟರು. ಇದೇ ಊರಲ್ಲಿ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜಿದೆ, ಅಲ್ಲಿನ ವೈದ್ಯರನ್ನು ಒಂದು ಮಾತು ಕೇಳಿ ತರಬಹುದಿತ್ತು ಅಲ್ವಾ?

ಬ್ರಾಹ್ಮಿ ವಿಷಯವೂ ಅಷ್ಟೇ. ಆ ಹೆಸರಲ್ಲಿ ಎರಡು ಗಿಡ ಓಡಾಡುತ್ತವೆ. ದುಂಡನೆ ಎಲೆಯ ಒಂದೆಲಗ ಒಂದು. ಸಣ್ಣ ದಪ್ಪ ಎಲೆಯ ನೀರುಬ್ರಾಹ್ಮಿ ಇನ್ನೊಂದು. ನೆನಪಿನ ಶಕ್ತಿಗೆ ಅಂತ ಜಾಸ್ತಿ ಪರೀಕ್ಷೆ ಮಾಡಿರುವುದು ನೀರುಬ್ರಾಹ್ಮಿಯನ್ನು, ಅದೂ ಸಾಮಾನ್ಯವಾಗಿ 12 ವಾರ ಕೊಟ್ಟು ನೋಡಿದ್ದಾರೆ. ನಾಳೆಯ ಟೆಸ್ಟಿಗೆ ಇವತ್ತು ಕುಡಿದರೆ ಏನೂ ಆಗುವುದಿಲ್ಲ. ಕೆಲವರಿಗೆ ಹೊಟ್ಟೆ ತೊಳಸುತ್ತದೆ.

ನಮ್ಮ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ನೀರು ಹರಿಯುವ ಕಡೆ, ಒಂದೆಲಗ ಹಬ್ಬಿದೆ. ನಮ್ಮ ಬಿಸಿಲಿಗೆ ನೀರಿಲ್ಲದ ಕಡೆ ಅದು ಉಳಿಯುವುದಿಲ್ಲ. ಒಂದು ಭಾನುವಾರ ಚಟ್ನಿಗೆ ಅಂತ ಇಬ್ಬರೂ ಕೂತು ಎಲೆ ಕೀಳುತ್ತಿದ್ದೆವು. ಮುಖ ಎತ್ತದೆಯೇ ಹೇಳಿದ: "ಮಾಮಾ, ಓದೋದು ಕಷ್ಟ ಅಂತಲ್ಲ. ಸೀಟ್ ಸಿಗದಿದ್ರೆ ಅವ್ವನ ಮುಖ ಹೆಂಗ ನೋಡ್ಲಿ ಅನ್ನೋದೇ ತಲೇಲಿ ತಿರುಗ್ತದೆ."

ಆ ಮೂರು ವಾರ ನಾನು ಅವನನ್ನು ದಿನಾ ಬೆಳಿಗ್ಗೆ ಕೇಳಿದ್ದು ಒಂದೇ ಪ್ರಶ್ನೆ. ಪುಡಿ ತಗೊಂಡಿಯಾ?

ಅವತ್ತೇ ಸಂಜೆ 14416ಕ್ಕೆ ಫೋನ್ ಮಾಡಿದೆವು. ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಇರುವ ಸಹಾಯವಾಣಿ, ಸರ್ಕಾರದ್ದೇ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹುಡುಗ ರೂಮಿನ ಬಾಗಿಲು ಹಾಕಿಕೊಂಡು ತಾನೇ ಮಾತಾಡಿದ. ಮನೋವೈದ್ಯರನ್ನು ಒಮ್ಮೆ ನೋಡಿ ಅಂತ ಅವರು ಹೇಳಿದ್ದಕ್ಕೆ ತಂಗಿ ಅತ್ತೇಬಿಟ್ಟಳು, ನನ್ನ ಮಗನಿಗೆ ಹುಚ್ಚಾ ಅಂತ. ಅವಳಿಗೆ ನಾನು ನಮ್ಮ ಜಿಲ್ಲೆಯ ಕಥೆಯನ್ನೇ ಹೇಳಿದೆ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್‌ನವರು, ಮನಸ್ಸಿನ ಕಾಯಿಲೆಗೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಚಿಕಿತ್ಸೆ ಕೊಡಬಹುದು ಅಂತ ಮಾಡಿ ತೋರಿಸಿದ್ದು ಇದೇ ಬಳ್ಳಾರಿಯಲ್ಲಿ. ಅದನ್ನೇ ಬಳ್ಳಾರಿ ಮಾದರಿ ಅಂದರು, 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಅದರ ಮೇಲೆಯೇ. ದೇಶಕ್ಕೇ ದಾರಿ ತೋರಿಸಿದ ಊರಲ್ಲಿ ಇದ್ದುಕೊಂಡು ನಾವು ನಾಚಿಕೆಪಟ್ಟರೆ ಹೇಗೆ?

ನಾಲ್ಕು ಸಲ ಕೌನ್ಸೆಲಿಂಗ್‌ಗೆ ಹೋಗಿ ಬಂದಿದ್ದಾನೆ. ಈಗ ಹನ್ನೊಂದಕ್ಕೆ ಮಲಗುತ್ತಾನೆ, ಎಲ್ಲ ರಾತ್ರಿಯೂ ನಿದ್ದೆ ಬರುತ್ತದೆ ಅಂತಲ್ಲ. ಒಂದೆಲಗದ ಚಟ್ನಿ ವಾರಕ್ಕೊಮ್ಮೆ ಇದ್ದೇ ಇದೆ, ರೊಟ್ಟಿ ಜೊತೆ ಚೆನ್ನಾಗಿರುತ್ತದೆ. ತಂಗಿ ಫೋನ್ ಮಾಡಿದರೆ ಮೊದಲು ಟೆಸ್ಟ್ ಮಾರ್ಕ್ಸ್ ಕೇಳುವುದನ್ನು ಬಿಟ್ಟಿದ್ದಾಳೆ.