ಮಾಸ್ಟ್ ಏರಲು ಚೇರ್ ಬೇಕೋ, ಹಾರ್ನೆಸ್ ಬೇಕೋ?

ಹಾಯಿದೋಣಿಯ ಮಾಸ್ಟ್ (ಹಾಯಿ ಕಟ್ಟುವ ಕಂಬ) ತುದಿಯ ಬಲ್ಬ್ ಬದಲಿಸಲು 10 ನಿಮಿಷ ಸಾಕು. ಯಾವುದರಲ್ಲಿ ಕೂತರೂ ನಡೆಯುತ್ತದೆ. ರಿಗ್ಗಿಂಗ್ (ಮಾಸ್ಟ್ ಮತ್ತು ಹಾಯಿಯ ತಂತಿ, ಹಗ್ಗಗಳು) ಪೂರ್ತಿ ಪರೀಕ್ಷಿಸಲು ಹೊರಟರೆ ಮಾತು ಬೇರೆ.

ಬಂಡೆ ಹತ್ತುವವರ ಹಾರ್ನೆಸ್ (ಸೊಂಟಕ್ಕೂ ತೊಡೆಗೂ ಕಟ್ಟುವ ಪಟ್ಟಿ) ಮೈಗೆ ಬಿಗಿಯಾಗಿ ಕೂರುತ್ತದೆ, ತಲೆಕೆಳಗಾದರೂ ಜಾರಿ ಬೀಳುವ ಭಯ ಕಡಿಮೆ. ಹಗ್ಗ ಸೊಂಟದ ಮಟ್ಟದಲ್ಲಿ ಕಟ್ಟುವುದರಿಂದ ಮಾಸ್ಟ್ ತುದಿಗೆ ಕೈ ಚೆನ್ನಾಗಿ ಎಟುಕುತ್ತದೆ. ಆದರೆ ಕಿರಿದಾದ ಪಟ್ಟಿ ತೊಡೆಯ ಬುಡವನ್ನು ಒತ್ತಿ ಕಾಲು ಜೋಮು ಹಿಡಿಯುತ್ತದೆ. ಅಲುಗಾಡದೆ ತೂಗುತ್ತಿದ್ದರೆ ರಕ್ತ ಕಾಲಲ್ಲೇ ನಿಂತು ತಲೆಸುತ್ತೂ ಬರಬಹುದು.

ಅಡಿಯಲ್ಲಿ ಹಲಗೆ ಇರುವ ತೂಗುಕುರ್ಚಿಯಾದ ಬೋಸನ್ ಚೇರ್‌ನಲ್ಲಿ ಗಂಟೆಗಟ್ಟಲೆ ಕೂರಬಹುದು, ಸ್ಪ್ಯಾನರ್‌ಗೆ ಜೇಬೂ ಇರುತ್ತದೆ. ಬೆನ್ನಪಟ್ಟಿ ಮತ್ತು ಕಾಲುಗಳ ನಡುವಿನ ಪಟ್ಟಿ ಇಲ್ಲದ ಚೇರ್ ಮಾತ್ರ ಕೊಳ್ಳಲೇಬೇಡಿ: ಪ್ರಜ್ಞೆ ತಪ್ಪಿದರೆ ಮುಂದಕ್ಕೆ ಜಾರಿಬಿಡುತ್ತೀರಿ. ಬೋಸನ್ ಚೇರ್‌ನ ಹಗ್ಗ ಕಟ್ಟುವ ಉಂಗುರ ಎದೆ ಮಟ್ಟದಲ್ಲಿರುವುದರಿಂದ ತುದಿಯ ಕೆಲಸಕ್ಕೆ ಕೈ ಸಾಲದು. ಕಾಲಿಡಲು ಹಗ್ಗದ ಕುಣಿಕೆಯೊಂದನ್ನು ಒಯ್ದರೆ ಎದ್ದು ನಿಲ್ಲಬಹುದು.

ನನ್ನ ಆಯ್ಕೆ ಎರಡೂ: ಹಾರ್ನೆಸ್ ತೊಟ್ಟು ಚೇರ್‌ನಲ್ಲಿ ಕೂರುವುದು, ಎರಡಕ್ಕೂ ಬೇರೆ ಬೇರೆ ಹ್ಯಾಲ್ಯಾರ್ಡ್ (ಹಾಯಿ ಮೇಲೆತ್ತುವ ಹಗ್ಗ). ಹ್ಯಾಲ್ಯಾರ್ಡ್ ತುದಿಯ ಕೊಂಡಿಯಾದ ಸ್ನ್ಯಾಪ್ ಶ್ಯಾಕಲ್‌ನ ಪಿನ್, ಮಾಸ್ಟ್ ಅನ್ನು ಪಕ್ಕದಿಂದ ಬಿಗಿದ ತಂತಿಯಾದ ಶ್ರೌಡ್‌ಗೆ ತಗುಲಿ ತೆರೆದುಕೊಳ್ಳಬಹುದು. ಹಾಗಾಗಿ ಹಗ್ಗವನ್ನು ಉಂಗುರಗಳಿಗೇ ಪೋಣಿಸಿ ಬೋಲೈನ್ ಗಂಟು ಹಾಕಿ, ಗೇಣುದ್ದ ಬಾಲ ಬಿಡಿ. ಮಾಸ್ಟ್‌ನ ಹೊರಗೆ ನೇತಾಡುವ ರಾಟೆ, ಅಂದರೆ ಬ್ಲಾಕ್‌ನ ಹ್ಯಾಲ್ಯಾರ್ಡ್ ಬೇಡ, ಅಲ್ಲಿ ಎಲ್ಲ ಭಾರ ರಾಟೆ ಹಿಡಿದ ಒಂದೇ ಶ್ಯಾಕಲ್ ಮೇಲೆ. ಡೆಕ್‌ನಿಂದ 1 ಅಡಿ ಎತ್ತಿಸಿಕೊಂಡು ಜೋರಾಗಿ ಕುಪ್ಪಳಿಸಿ ನೋಡಿ. ಪಟ್ಟಿ ಎಲ್ಲಿ ಕಚ್ಚುತ್ತದೆಂದು ಅಲ್ಲೇ ತಿಳಿಯುತ್ತದೆ.