ಬೆಳಿಗ್ಗೆ ಮನೇಲಿ ಯಾರಿರ್ತಾರೆ?

ಭಾನುವಾರದಿಂದ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಹೇಳಿದವರಿಗೆ ಅದು ನೆನಪೂ ಇರಲಿಕ್ಕಿಲ್ಲ.

ಮೈಸೂರಿನ ಹೊರಗೆ ಹುಣಸೂರು ರಸ್ತೆಯ ಕಡೆ ನನ್ನ ಹಳೇ ಗೆಳೆಯನ ಶೆಡ್ಡಿದೆ. ಹಾಸ್ಟೆಲ್ ಕಾಲದ ಗೆಳೆಯ, ನಮ್ಮ ಮಲೆನಾಡಿನವನೇ. ಕಂಚಿನ ಎರಕ ಹೊಯ್ಯುತ್ತಾನೆ, ಅದಕ್ಕೆ ಬಣ್ಣದ ಗಾಜು ಕೂಡಿಸುತ್ತಾನೆ. ಅವತ್ತು ಬೆಂಗಳೂರಿನಿಂದ ಗಿರಾಕಿ ಬಂದಿದ್ದರು. ಹೊಸ ವಿಲ್ಲಾ, ಗೃಹಪ್ರವೇಶ ಹತ್ತಿರ, ಹಾಲ್‌ಗೆ ಏನಾದರೂ ದೊಡ್ಡದು ಬೇಕಂತೆ.

ಇವನು ತೋರಿಸಿದ್ದು ನಾಟಿ ಮಾಡುವ ಹೆಂಗಸು. ಬಗ್ಗಿದ್ದಾಳೆ, ತಲೆಯಿಂದ ಸೊಂಟದವರೆಗೆ ಗೊರಬು, ಅಂದರೆ ಮಳೆಗೆ ಹೊದೆಯುವ ಕಡ್ಡಿ-ಎಲೆಯ ಹೊದಿಕೆ. ಮೈಯೆಲ್ಲ ಕಂಚು. ಗೊರಬಿನ ಕಡ್ಡಿಗಳೂ ಕಂಚು. ಕಡ್ಡಿಗಳ ನಡುವೆ ಎಲೆ ಇರಬೇಕಾದ ಕಡೆ ಗಾಜು. ಹಸಿರು, ಜೇನು ಬಣ್ಣ, ಅಂಚಿನಲ್ಲಿ ಚೂರು ನೀಲಿ. ಪೂರ್ವದ ಬಾಗಿಲಿಂದ ಬಿಸಿಲು ಬಂದರೆ ಆ ಬಣ್ಣ ಅವಳ ಬೆನ್ನ ಮೇಲೆ ಇಳಿಯುತ್ತದೆ. ಹೊತ್ತೇರಿದ ಹಾಗೆ ಬೆನ್ನಿಂದ ತೋಳಿಗೆ, ತೋಳಿಂದ ಕೈಗೆ ಜಾರುತ್ತದೆ. ಕೈಯಲ್ಲಿರುವ ಸಸಿ ಬರೀ ಕಂಚು, ಬಣ್ಣವೇ ಇಲ್ಲ. ಗೊರಬಿನ ಹಸಿರು ಅದರ ಮೇಲೆ ಬಂದಾಗ ಸ್ವಲ್ಪ ಹೊತ್ತು ಸಸಿ ನಿಜಕ್ಕೂ ಹಸಿರಾಗಿರುತ್ತದೆ. ಆಮೇಲೆ ಮತ್ತೆ ಕಂದು. ಇದನ್ನು ಅವನು ಯಾರಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಕಂಡವರು ಕಾಣಲಿ ಅನ್ನುತ್ತಾನೆ. ಸೊಕ್ಕಿನ ಮನುಷ್ಯ.

ಗಿರಾಕಿ ಒಂದು ಸುತ್ತು ಹಾಕಿ ಬಂದರು.

“ಚೆನ್ನಾಗಿದೆ. ಒಳಗೆ ಒಂದು ಬಲ್ಬ್ ಬರಲ್ವಾ?”

“ಇಲ್ಲ ಸಾರ್.”

“ಎಲ್‌ಇಡಿ ಸ್ಟ್ರಿಪ್ ಆದ್ರೂ ಹಾಕ್ಕೊಡಿ. ರಿಮೋಟ್ ಇರೋದು.”

“ನಾಟಿಗೆ ಹೋಗೋಳು ಬೆನ್ನ ಮೇಲೆ ಬಲ್ಬ್ ಇಟ್ಕೊಂಡು ಹೋಗ್ತಾಳಾ ಸಾರ್? ಕಿಟಕಿ ಹತ್ರ ಇಡಿ. ಬೆಳಿಗ್ಗೆ ಬೆಳಕು ತಾನಾಗೇ ಬರುತ್ತೆ.”

ಅವರು ನಕ್ಕರು. “ಬೆಳಿಗ್ಗೆ ಮನೇಲಿ ಯಾರಿರ್ತಾರೆ?”

ವ್ಯಂಗ್ಯ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು ಅಷ್ಟೇ. ಮನುಷ್ಯ ಕೆಟ್ಟವರೂ ಅಲ್ಲ. ಯಾರೂ ಹೇಳದೆ ಶೆಡ್ಡಿನ ಹೊರಗೆ ಚಪ್ಪಲಿ ಬಿಟ್ಟು ಬಂದರು, ರೇಟಿಗೆ ಚೌಕಾಸಿ ಮಾಡಲಿಲ್ಲ, ಟೀ ಕೊಟ್ಟ ಹುಡುಗನ ಹೆಸರು ಕೇಳಿದರು. ಯೋಚನೆ ಮಾಡಿ ಹೇಳ್ತೀನಿ ಅಂತ ಕಾರು ಹತ್ತಿದರು.

ಕಾರು ತಿರುವು ದಾಟುವುದರೊಳಗೆ ಗೆಳೆಯನ ಹೆಂಡತಿ ಶುರು ಮಾಡಿದರು. ಲೆಕ್ಕಪತ್ರ ನೋಡುವವರು ಅವರೇ. “ನೋಡಿ ಅಣ್ಣ, ಒಂದು ಬಲ್ಬ್‌ಗೆ ಎಷ್ಟಾಗುತ್ತೆ? ನಾನೇ ಪೇಟೆಯಿಂದ ತಂದು ಸಿಗಿಸ್ತಿದ್ದೆ. ಬ್ಯಾಂಕಿನೋರು ಕಂತಿನ ಬದಲು ಬಿಸಿಲು ತಗೋತಾರಾ?” ಇವನು ಮಾತಾಡಲಿಲ್ಲ. ಅರ ಎತ್ತಿಕೊಂಡು ಯಾವುದೋ ಮೂಲೆ ಉಜ್ಜುತ್ತಾ ಕೂತ. ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಆದರೆ ಅವನ ಕಡೆಯಿಂದಲೂ ನೋಡಬೇಕಲ್ವಾ. ಕಂಚಿನ ಕೆಲಸ ಹಳೇದು. ಮೇಣದಲ್ಲಿ ಬೊಂಬೆ ಮಾಡಿ, ಮಣ್ಣು ಮೆತ್ತಿ, ಬೆಂಕಿಗಿಟ್ಟು ಮೇಣ ಕರಗಿಸಿ ತೆಗೆದು, ಖಾಲಿಯಾದ ಜಾಗಕ್ಕೆ ಲೋಹ ಹೊಯ್ಯುವುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲೂ ಈ ಕ್ರಮ ಇದೆ. ತಾಪತ್ರಯ ಶುರುವಾಗುವುದು ಗಾಜು ಸೇರಿದಾಗ. ತಣ್ಣಗಾಗುತ್ತಾ ಕಂಚು ಕುಗ್ಗುವುದು ಸಾಮಾನ್ಯ ಗಾಜಿಗಿಂತ ಹತ್ತಿರ ಹತ್ತಿರ ಎರಡರಷ್ಟು. ಗಾಜಿನ ಸುತ್ತ ಕಾದ ಕಂಚು ಹೊಯ್ದರೆ ಕಂಚು ಕುಗ್ಗುತ್ತಾ ಗಾಜನ್ನು ಹಿಂಡಿಬಿಡುತ್ತದೆ. ಶುರುವಿನಲ್ಲಿ ಹಾಗೇ ಮಾಡಿ ಸಾಕಷ್ಟು ಕಳಕೊಂಡಿದ್ದಾನೆ. ಸಂಜೆ ಸರಿಯಾಗಿದ್ದದ್ದು ರಾತ್ರಿ ಟಿಕ್ ಅನ್ನುತ್ತಿತ್ತಂತೆ. ಆ ಸದ್ದಿಗೆ ಅವರ ಮನೆಯಲ್ಲಿ ಎಲ್ಲರಿಗೂ ಎಚ್ಚರ. ಈಗ ಎರಡನ್ನೂ ಬೇರೆ ಬೇರೆ ಮಾಡಿ, ಕಂಚಿನಲ್ಲಿ ಸಣ್ಣ ತೋಡು ಕೊರೆದು, ಗಾಜನ್ನು ಅದರಲ್ಲಿ ಕೂರಿಸುತ್ತಾನೆ. ಸುತ್ತ ಕೂದಲೆಳೆ ಜಾಗ ಬಿಟ್ಟು, ಸಂದಿಗೆ ಮೆತ್ತಗಿನ ಅಂಟು ತುಂಬುತ್ತಾನೆ. ಬಿಸಿಲಿಗೆ ಎರಡೂ ಅವರವರ ಪಾಡಿಗೆ ಹಿಗ್ಗಲಿ, ಕುಗ್ಗಲಿ ಅಂತ.

ಗಾಜು ಮಾಡುವುದೂ ಆತುರದ ಕೆಲಸವಲ್ಲ. ಕುಲುಮೆಯಲ್ಲಿ ಸುಮಾರು 500 ಡಿಗ್ರಿ ಹತ್ತಿರ ನಿಲ್ಲಿಸಿ, ಅಲ್ಲಿಂದ ನಿಧಾನವಾಗಿ ಕಾವು ಇಳಿಸಬೇಕು. ದಪ್ಪ ಗಾಜಾದರೆ ದಿನಗಟ್ಟಲೆ. ಬೇಗ ತೆಗೆದರೆ ಒಳಗೊಳಗೇ ಬಿಗಿದುಕೊಂಡು ಯಾವತ್ತೋ ಒಂದು ದಿನ ಸೀಳುತ್ತದೆ. ನನಗೆ ಇಷ್ಟವಾದ ಸಂಗತಿ ಇನ್ನೊಂದಿದೆ. ಕಂಚಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತಾಮ್ರ, ಉಳಿದದ್ದು ತವರ. ಅದೇ ತಾಮ್ರ ಚಿಟಿಕೆಯಷ್ಟು ಗಾಜಿಗೆ ಬಿದ್ದರೆ ಹಸಿರು ಮಿಶ್ರಿತ ನೀಲಿ ಬರುತ್ತದೆ. ಅವಳ ಗೊರಬಿನ ಅಂಚಿನ ನೀಲಿ ಅದೇ. ಮೈಗೂ ಗೊರಬಿಗೂ ಒಂದೇ ತಾಮ್ರ. ಇದನ್ನೂ ಅವನು ಗಿರಾಕಿಗೆ ಹೇಳಲಿಲ್ಲ! ನಾನಾಗಿದ್ದರೆ ಮೊದಲು ಅದನ್ನೇ ಹೇಳುತ್ತಿದ್ದೆ.

ಇನ್ನು ಬಲ್ಬ್ ಹಾಕಿದರೆ ಕಲೆ ಕೆಡುತ್ತದೆ ಅನ್ನೋದೂ ಸುಳ್ಳು. ನ್ಯೂಯಾರ್ಕಿನ ಟಿಫಾನಿ ಕಂಪನಿಯ ಹಳೇ ದೀಪಗಳಿಗೆ ಬುಡ ಹೆಚ್ಚಾಗಿ ಕಂಚಿನದು, ಮೇಲೆ ಬಣ್ಣದ ಗಾಜು. ಕರೆಂಟು ಮನೆಮನೆಗೆ ಬರುತ್ತಿದ್ದ ಕಾಲ ಅದು. ಅಲ್ಲೇ ಕೆಲಸಕ್ಕಿದ್ದ ಕ್ಲಾರಾ ಡ್ರಿಸ್ಕಾಲ್ ಅನ್ನುವ ಹೆಣ್ಣುಮಗಳು ಮಾಡಿದ ಏರೋಪ್ಲೇನ್ ಚಿಟ್ಟೆಯ ದೀಪಕ್ಕೆ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಪದಕ ಬಂತು. ಇದನ್ನು ಹೇಳಿದ್ದಕ್ಕೆ ಗೆಳೆಯ ಅರ ಕೆಳಗಿಟ್ಟು, “ಅದು ದೀಪ ಕಣೋ. ಇವಳು ನಾಟಿ ಮಾಡೋಳು” ಅಂದ. ಸರಿಯೇ. ದೀಪಕ್ಕೆ ಅಂತ ಮಾಡಿದ್ದಕ್ಕೆ ದೀಪ ಇರಲಿ. ಇವಳ ಗೊರಬಿನ ಕೆಳಗೆ ಬಲ್ಬ್ ಇಟ್ಟರೆ ಗಾಜು ಇಡೀ ದಿನ ಒಂದೇ ಸಮ ಹೊಳೆಯುತ್ತದೆ, ಬೆಳಕೆಲ್ಲ ಹೊರಗೆ ಹೋಗುತ್ತದೆ. ಹಸಿರು ಸಸಿವರೆಗೆ ಬರುವುದೇ ಇಲ್ಲ.

ಅವತ್ತು ಸಂಜೆ ವಾಪಸ್ ಬರುವಾಗ ಅರಮನೆ ಹತ್ತಿರ ಟ್ರಾಫಿಕ್ ನಿಂತಿತ್ತು. ಭಾನುವಾರ, ಲೈಟ್ ಹಾಕುವ ದಿನ. ಹೆಚ್ಚುಕಮ್ಮಿ ಒಂದು ಲಕ್ಷ ಬಲ್ಬ್. ಏಳು ಗಂಟೆಗೆ ಹತ್ತಿಕೊಂಡವು. ಜನ “ಓ” ಅಂದರು, ನಾನೂ ಅಂದೆ. ಅದೇ ಅರಮನೆಯ ಒಳಗೆ ಕಲ್ಯಾಣ ಮಂಟಪ ಇದೆ. ಕಬ್ಬಿಣದ ಕಂಬ, ಮೇಲೆ ನವಿಲಿನ ಚಿತ್ತಾರದ ಬಣ್ಣದ ಗಾಜಿನ ಛಾವಣಿ, ದೂರದ ಗ್ಲಾಸ್ಗೋದಿಂದ ಬಂದದ್ದು. ಹಗಲು ಸೂರ್ಯ ಮೇಲಿದ್ದರೇ ಅದಕ್ಕೆ ಜೀವ. ಹೊರಗೆ ಇಷ್ಟು ಬಲ್ಬ್ ಉರಿಯುವಾಗ ಆ ನವಿಲುಗಳು ಕತ್ತಲಲ್ಲಿರುತ್ತವೆ. ನಾನು ಮೈಸೂರಿನಲ್ಲೇ ಇದ್ದೂ ಅಲ್ಲಿಗೆ ಹೋಗೋದು ನೆಂಟರು ಬಂದಾಗ ಮಾತ್ರ. ಅವರೂ ಬರೋದು ರಜಾದಿನ, ಗುಂಪಿನ ಜತೆ ತಳ್ಳಿಸಿಕೊಂಡು ಮುಂದೆ ಹೋಗೋದು.

ಬೆಳಿಗ್ಗೆ ಮನೇಲಿ ಯಾರಿರ್ತಾರೆ? ಮೊದಲು ಸಿಟ್ಟು ಬಂದಿತ್ತು. ಪೂರ್ವಕ್ಕೆ ಅಷ್ಟಗಲದ ಗಾಜಿನ ಕಿಟಕಿ ಇಡಿಸಿಕೊಂಡು, ಕೋಟಿಗಟ್ಟಲೆ ಸುರಿದು, ಅದರಲ್ಲಿ ಬರುವ ಬಿಸಿಲು ನೋಡಲು ಆಳು ಮಾತ್ರ ಇರ್ತಾಳೆ. ಆಮೇಲೆ ನನ್ನ ಮನೆ ನೆನಪಾಯಿತು. ಎಂಟಕ್ಕೆ ಬೀಗ, ಸಂಜೆ ಬಂದರೆ ಟ್ಯೂಬ್‌ಲೈಟ್. ಅಡುಗೆಮನೆಯಲ್ಲಿ ಹನ್ನೊಂದು ಗಂಟೆಯ ಬಿಸಿಲು ಯಾವ ಗೋಡೆ ಮೇಲೆ ಬೀಳುತ್ತದೋ ಗೊತ್ತಿಲ್ಲ. ಗೃಹಸಾಲ ಅವರದ್ದೂ ಇದೆ, ನನ್ನದೂ ಇದೆ. ಮನೆ ಕಟ್ಟಿಸಲು ದುಡಿಯುವುದು ಹಗಲು, ಮನೆಯಲ್ಲಿರುವುದು ರಾತ್ರಿ. ರಾತ್ರಿ ಇರುವವರಿಗೆ ರಾತ್ರಿ ಹೊಳೆಯುವುದೇ ಬೇಕು. ಪಾಪ, ಅವರು ಕೇಳಿದ್ದರಲ್ಲಿ ತಪ್ಪೇನಿದೆ ಅನ್ನಿಸುತ್ತದೆ. ಮರುಕ್ಷಣ ಸಸಿ ಕಣ್ಣಿಗೆ ಬರುತ್ತದೆ, ಮತ್ತೆ ಸಿಟ್ಟು.

ಈ ಗೊಂದಲದಲ್ಲೇ ಇದ್ದಾಗ ಊರಿನ ದೇವಸ್ಥಾನದ ವಾಟ್ಸಾಪ್ ಗುಂಪಿನಲ್ಲಿ ಚಂದಾ ಪಟ್ಟಿ ಬಂತು. ಗರ್ಭಗುಡಿಗೆ ಫೋಕಸ್ ಲೈಟ್. ಉತ್ಸವಮೂರ್ತಿ ಪಂಚಲೋಹದ್ದು. ಎಣ್ಣೆ ದೀಪದ ಮುಂದೆ ಆ ಮುಖ ಒಮ್ಮೆ ನಕ್ಕ ಹಾಗೆ, ಒಮ್ಮೆ ಗದರಿದ ಹಾಗೆ ಕಾಣುತ್ತಿತ್ತು. ಚಿಕ್ಕವರಿದ್ದಾಗ ಅದಕ್ಕೇ ಹೆದರುತ್ತಿದ್ದೆವು. ಚಿಕ್ಕಪ್ಪ ಖಜಾಂಚಿ. ಫೋನ್ ಮಾಡಿದೆ. “ನೀವೆಲ್ಲ ಬೆಂಗಳೂರು ಮೈಸೂರಿಂದ ರಾತ್ರಿ ಎಂಟಕ್ಕೆ ಬಂದಿಳೀತೀರಿ, ದೇವರು ಕಾಣಬೇಡ್ವೇನೋ?” ಅಂದರು.

ಐನೂರು ಕಳಿಸಿದೆ. ಜತೆಗೇ, “ಮಂಗಳಾರತಿ ಹೊತ್ತಿಗಾದರೂ ಲೈಟ್ ಆರಿಸ್ತೀರಾ ಚಿಕ್ಕಪ್ಪ?” ಅಂತ ಬರೆದೆ. ಹೆಬ್ಬೆರಳು ಬಂದಿದೆ. ಅದು ಆಯ್ತು ಅಂತಲೋ, ದುಡ್ಡು ಸೇರಿತು ಅಂತಲೋ, ತಿಳಿಯಲಿಲ್ಲ.